ವಿಮಾನ ಇಳಿಯುವವರೆಗೆ

ಸೆಪ್ಟೆಂಬರ್ ೧೪, ಭಾನುವಾರ

ಸಮುದ್ರದ ಆಚೆ ಇರುವ ಇವರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ಎಲ್ಲರೂ ಎಂದರೆ ಈಗ ನಾನೊಬ್ಬಳೇ. ನಾನು ಕ್ಷೇಮ. ಹಾಗೆಂದೇ ಇಟ್ಟುಕೊಳ್ಳಿ.

ಅತ್ತೆ ಹೋಗಿ ಎರಡು ವಾರವಾಗುತ್ತ ಬಂತು. ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ಒಂದೇ ಪ್ರಶ್ನೆ: ಕೊನೆಗೆ ಅಮ್ಮ ನನ್ನ ಬಗ್ಗೆ ಏನಾದರೂ ಹೇಳಿದಳಾ ಎಂದು. ನಾನು ಇಲ್ಲ ಎಂದೆ. ನೀವು "ಗೊತ್ತಿತ್ತು" ಎಂದು ಫೋನ್ ಇಟ್ಟುಬಿಟ್ಟಿರಿ. ಆ ಮಾತು ಅಂದಿನಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ನಿಮಗೆ ಏನೂ ಗೊತ್ತಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲು ಹೋದರೆ ನಾನು ಜಗಳಕ್ಕೆ ನಿಲ್ಲುತ್ತೇನೆ, ನೀವು ಮಾತು ಮುಗಿಯುವ ಮುಂಚೆ ಇಡುತ್ತೀರಿ. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ಮಾತು ಬೇರೆ ರೀತಿ ಮುಗಿದದ್ದು ನನಗೆ ನೆನಪಿಲ್ಲ. ಕಾಗದವನ್ನೂ ಅರ್ಧಕ್ಕೆ ಇಡಬಹುದು, ಆದರೆ ಅದು ಮೇಜಿನ ಮೇಲೆಯೇ ಬಿದ್ದಿರುತ್ತದೆ. ಮತ್ತೆ ಯಾವಾಗಲಾದರೂ ಓದಿಕೊಳ್ಳಿ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಅದೇ ವಿಮಾನ ಕಂಪನಿಯ ಅದೇ ಟಿಕೆಟ್ ಕಚೇರಿ, ಅದೇ ಮೂರನೇ ಕೌಂಟರು. ನೀವಿರುವ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ಪರದೆಯ ಕಡೆ ತಿರುಗದೆ ಹೇಳುತ್ತೇನೆ. ಹನ್ನೊಂದು ಸಾವಿರ ಕಿಲೋಮೀಟರು. ಹೋಗುವಾಗ ಹದಿನಾಲ್ಕು ಗಂಟೆ, ಬರುವಾಗ ಹನ್ನೆರಡೂವರೆ. ಜನ ನನ್ನನ್ನು ಅನುಮಾನದಿಂದ ನೋಡುತ್ತಾರೆ. ದೂರ ಒಂದೇ ಆದ ಮೇಲೆ ಹೊತ್ತು ಹೇಗೆ ಬೇರೆಯಾಗುತ್ತದೆ, ಇವಳು ಎಲ್ಲೋ ನಮ್ಮ ಕಿವಿಗೆ ಹೂ ಇಡುತ್ತಿದ್ದಾಳೆ ಎನ್ನುವ ಹಾಗೆ. ಹೋಗುವಾಗ ಗಾಳಿ ಎದುರಿಗೆ, ಬರುವಾಗ ಬೆನ್ನಿಗೆ ಎಂದು ಬಿಡಿಸಿ ಹೇಳಬೇಕು. ನೀವು ಮೊದಲ ಸಲ ಹೊರಟಾಗ, ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟುಕೊಂಡು ನಿಮ್ಮ ತಾಯಿಗೂ ಇದನ್ನೇ ಹೇಳಿದ್ದಿರಿ. "ಬರೋವಾಗ ಬೇಗ ಬರ್ತೀನಮ್ಮ, ಗಾಳಿನೇ ನೂಕುತ್ತೆ" ಎಂದಿರಿ. ಬಂದರಿನ ಶೀತಲಗೃಹದಲ್ಲಿ ಯಂತ್ರ ರಿಪೇರಿಯ ಕೆಲಸ, ಎರಡೇ ವರ್ಷ, ಆಮೇಲೆ ಇಲ್ಲೇ ಎಂದೂ ಹೇಳಿದ್ದಿರಿ. ಆ ಮಾತನ್ನು ಈಗ ಎತ್ತುವುದಿಲ್ಲ. ಅತ್ತೆ ಗಾಳಿಯ ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಹದಿನಾಲ್ಕು, ಹನ್ನೆರಡೂವರೆ.

ಈಗ ನಿಮಗೆ ಗೊತ್ತಿಲ್ಲದ ಸಂಗತಿ. ಇದನ್ನು ಹೇಳಕೂಡದು ಎಂದು ಅವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಆಣೆ ಮುರಿಯುತ್ತಿದ್ದೇನೆ. ಅವರು ಬೈಯುವುದಿದ್ದರೆ ಬೈಯಲಿ, ನನಗೆ ಅವರ ಬೈಗಳು ಕೇಳದೆ ಮನೆ ಬಿಕೋ ಎನ್ನುತ್ತಿದೆ.

ನೀವು ವಿಮಾನದಲ್ಲಿರುವಷ್ಟು ಹೊತ್ತು ನಿಮ್ಮ ತಾಯಿ ಮಲಗುತ್ತಿರಲಿಲ್ಲ. ಮಲಗುವುದಿರಲಿ, ಬೆನ್ನು ಒರಗಿಸುತ್ತಿರಲಿಲ್ಲ. ಅಡುಗೆಮನೆಯ ಸ್ಟೂಲು ನೆನಪಿದೆಯಲ್ಲ, ಒಂದು ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟದ್ದು? ಅದನ್ನು ಮುಂದಿನ ಕೋಣೆಯ ಕಿಟಕಿಯ ಹತ್ತಿರ ಎಳೆದುಕೊಂಡು, ಎರಡು ಕೈಯನ್ನೂ ಮಡಿಲಲ್ಲಿಟ್ಟು, ನೀವು ಹತ್ತಿದ ಹೊತ್ತಿನಿಂದ ಇಳಿಯುವ ಹೊತ್ತಿನವರೆಗೆ ಕೂತಿರುತ್ತಿದ್ದರು. ಆ ಕಿಟಕಿಯಿಂದ ವಿಮಾನವೇನೂ ಕಾಣುವುದಿಲ್ಲ. ಎದುರು ಕಟ್ಟಡದ ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಅಂಗೈಯಗಲ ಆಕಾಶ, ಅಷ್ಟೆ. ಹೋಟೆಲಿನ ಲಾಂಡ್ರಿಯಲ್ಲಿ ಒಂದು ಆಯುಷ್ಯವೆಲ್ಲ ನಿಂತೇ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿದ ಕಾಲುಗಳು ಅವು. ಕೂತರೂ ಊದುತ್ತಿದ್ದವು, ನಿಂತರೂ ಊದುತ್ತಿದ್ದವು.

ಮೊದಲ ಸಲ ಅದನ್ನು ನೋಡಿ ನಾನು ನಕ್ಕೆ. ನೀವಿಲ್ಲಿ ಕೂತರೆ ವಿಮಾನಕ್ಕೆ ಎಣ್ಣೆ ಉಳಿಯುತ್ತದೆಯೇ ಎಂದು ರೇಗಿಸಿದೆ. ಅವರು ತಲೆ ತಿರುಗಿಸಲಿಲ್ಲ. "ಅವನು ಗಾಳೀಲಿ ಕೂತಿರೋವಾಗ ನಾನು ಹಾಸಿಗೇಲಿ ಹೊರಳಾಡ್ಲಾ? ನೀನು ಹೋಗಿ ಮಲಕ್ಕೋ, ನಾಳೆ ಕೆಲಸಕ್ಕೆ ಹೋಗಬೇಕು" ಎಂದರು. ನಾನು ಹೋಗಿ ಮಲಗಿದೆ. ಪ್ರತಿ ಸಲವೂ ಹೋಗಿ ಮಲಗಿದೆ. ಒಂದು ಸಲ ಮಂಜು ಮುಸುಕಿ ನಿಮ್ಮ ವಿಮಾನ ಬೇರೆ ಊರಿಗೆ ಹೋಗಿ ಇಳಿದು, ಅಲ್ಲಿಂದ ಮತ್ತೆ ಹಾರಿ ಬಂತಲ್ಲ, ಆಗ ಅವರ ಪಾದ ಚಪ್ಪಲಿಯೊಳಗೆ ಹೋಗದಷ್ಟು ಊದಿತ್ತು. ಅದಕ್ಕೆ ಅವರು ಬೈದದ್ದು ಮಂಜನ್ನಲ್ಲ, ನಮ್ಮ ಕಂಪನಿಯನ್ನು. ಕಂಪನಿ ಎಂದರೆ ಅವರ ಪಾಲಿಗೆ ನಾನು.

ನೀವು "ಇಳಿದೆ" ಎಂದು ಮೆಸೇಜು ಕಳಿಸುತ್ತಿದ್ದಿರಿ, ನಾನು ಓದಿ ಹೇಳುತ್ತಿದ್ದೆ. ಅವರು ಸೊಂಟ ಹಿಡಿದುಕೊಂಡು ಎದ್ದು, "ಸರಿ, ಇನ್ನು ನಾನು ಮಲಗ್ತೀನಿ" ಎಂದು ಹೋಗಿ ಮಲಗಿದರೆ ಮುಗಿಯಿತು, ಆನೆ ಬಂದು ತುಳಿದರೂ ಏಳುತ್ತಿರಲಿಲ್ಲ. ಪೆಟ್ಟಿಗೆಗೆ ಕಾದು, ಸರತಿಯಲ್ಲಿ ನಿಂತು, ಟ್ಯಾಕ್ಸಿ ಹಿಡಿದು ನೀವು ಮನೆ ಮುಟ್ಟುವಷ್ಟರಲ್ಲಿ ಅವರ ಗೊರಕೆ ಮೆಟ್ಟಿಲಿಗೆ ಕೇಳುತ್ತಿತ್ತು. ನೀವು ಒಳಗೆ ಬಂದವರೇ ಅಮ್ಮ ಎಲ್ಲಿ ಎನ್ನುತ್ತಿದ್ದಿರಿ. ಮಲಗಿದ್ದಾರೆ ಎಂದರೆ ನಿಮ್ಮ ಮುಖ ಸಣ್ಣದಾಗುತ್ತಿತ್ತು. "ಅಷ್ಟು ದೂರದಿಂದ ಬಂದಿದೀನಿ, ಈ ಮನೇಲಿ ಒಬ್ಬರಿಗೂ ಎಚ್ಚರ ಇಲ್ಲ" ಎಂದು ಪೆಟ್ಟಿಗೆ ಒದೆಯುತ್ತಿದ್ದಿರಿ. ಬಾಗಿಲು ತೆಗೆದವಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇರಲಿ.

ಮೂರು ವರ್ಷದ ಹಿಂದೆ, ಕೊನೆಯ ಸಲ ಬಂದಾಗಲೂ ಹೀಗೇ ಆಯಿತು. ಅಂದು ನೀವು ರೇಗಲಿಲ್ಲ. ಅವರ ಕೋಣೆಯ ಬಾಗಿಲಲ್ಲಿ ನಿಂತು ನೋಡಿ, ನಾನು ಬಂದರೂ ಒಂದೇ ಬರದಿದ್ದರೂ ಒಂದೇ ಎಂದಿರಿ, ಅಷ್ಟೆ. ನನಗೆ ಆ ತಣ್ಣಗಿನ ದನಿ ಕೇಳಿ ಭಯವಾಯಿತು. ಮರುದಿನ ಅತ್ತೆಯ ಹತ್ತಿರ ಹೋಗಿ ನಿಮಗೆ ಹೇಳಿಬಿಡೋಣ ಎಂದೆ. ಅವರು ಸುತರಾಂ ಒಪ್ಪಲಿಲ್ಲ. "ಅಮ್ಮಂಗೆ ಕಷ್ಟ ಆಗುತ್ತೆ ಅಂತ ಬರೋದನ್ನೇ ಬಿಟ್ಬಿಡ್ತಾನೆ. ನೀನು ಬಾಯಿ ಬಿಟ್ಟೆ ಅಂದ್ರೆ ನೋಡು" ಎಂದು ಕೈ ಮೇಲೆ ಕೈ ಇಡಿಸಿಕೊಂಡರು. ಹೇಳದೆಯೇ ನೀವು ಬರುವುದನ್ನು ಬಿಟ್ಟಿರಿ.

ಇನ್ನು ಅತ್ತೆಯ ಕೊನೆಯ ದಿನದ ಮಾತು.

ಹಿಂದಿನ ದಿನ ಡಾಕ್ಟರು ಬಂದು ನೋಡಿ, ನನ್ನನ್ನು ಬಾಗಿಲ ಹೊರಗೆ ಕರೆದು, ಬರಬೇಕಾದವರಿಗೆ ಹೇಳಿಬಿಡಿ, ಹೆಚ್ಚೆಂದರೆ ಎರಡು ದಿನ ಎಂದರು. ನಾನು ಮೆಟ್ಟಿಲ ಮೇಲೆ ಕೂತೇ ನಿಮಗೆ ಫೋನ್ ಮಾಡಿದೆ. ನಿಮಗದು ಅಪರಾತ್ರಿ. ನೀವು ನಿದ್ದೆಗಣ್ಣಲ್ಲೇ ದೂರದ ಲೆಕ್ಕ ಹಾಕಿದಿರಿ. ಅಷ್ಟು ದೂರ, ನಾನು ಬರುವಷ್ಟರಲ್ಲಿ ಮುಗಿದಿರುತ್ತದೆ ಎಂದಿರಿ. ನಾನು ನಾಳೆಯದೇ ನೇರ ವಿಮಾನವಿದೆ, ನಮ್ಮ ಬೆಳಿಗ್ಗೆ ಏಳಕ್ಕೆ ಹತ್ತಿದರೆ ಸಂಜೆ ಏಳೂವರೆಗೆ ಇಲ್ಲಿ ಎಂದೆ. "ಬಂದ್ರೂ ಅವಳು ಮಲಗಿರ್ತಾಳೆ ಬಿಡು, ಗೊತ್ತಲ್ಲ" ಎಂದಿರಿ. ಆಣೆ ನೆನಪಾಗಿ ನಿಜ ನುಂಗಿಕೊಂಡೆ. ಆಮೇಲೆ ನೀವೇ, ಸರಿ, ಸೀಟು ಹಾಕು ಎಂದಿರಿ. ನನ್ನ ದುಡ್ಡಿನಲ್ಲೇ ಕಿಟಕಿ ಪಕ್ಕದ್ದು ಹಾಕಿದೆ. ಅತ್ತೆಯ ಬಳಿ ಹೋಗಿ, ನಾಳೆ ಬರುತ್ತಾರಂತೆ ಎಂದೆ. ಅವರ ಕಣ್ಣು ಅರಳಿತೆಂದು ಬರೆದರೆ ಸುಳ್ಳಾಗುತ್ತದೆ. ಅವರಿಗೆ ಅಷ್ಟು ಶಕ್ತಿ ಇರಲಿಲ್ಲ. ನನ್ನ ಬೆರಳನ್ನು ಒಮ್ಮೆ ಒತ್ತಿದರು.

ಬೆಳಿಗ್ಗೆ ಏಳಾದ ಮೇಲೆ ನಮ್ಮ ಕಚೇರಿಯ ಗೆಳತಿಗೆ ಫೋನ್ ಮಾಡಿ ನೋಡಲು ಹೇಳಿದೆ. ಅವಳು ಪರದೆ ನೋಡಿ, ಸೀಟಿನ ಸಂಖ್ಯೆಯನ್ನು ಎರಡು ಸಲ ಕೇಳಿದಳು. ಆಮೇಲೆ, "ವಿಮಾನ ಹೊರಟಿದೆ ಕಣೇ. ಆ ಸೀಟು ಖಾಲಿ" ಎಂದಳು. ನಿಮ್ಮ ಫೋನು ಬಂದ್ ಆಗಿತ್ತು. ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ, ಹಾಲು ಉಕ್ಕಿ ಒಲೆ ಆರಿತು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ಹೊರಟ್ನಾ?"

ನಾನು ಹೊರಟರು ಎಂದೆ. ಇದು ನಾನು ಯೋಚಿಸಿ ಹೆಣೆದ ಸುಳ್ಳಲ್ಲ. ಬಾಯಿಂದ ಬಿದ್ದುಹೋಯಿತು. ಹೇಗೂ ಸಂಜೆಯವರೆಗೆ ಇರುತ್ತಾರೋ ಇಲ್ಲವೋ, ಮಗ ದಾರಿಯಲ್ಲಿದ್ದಾನೆ ಎಂಬ ಸಮಾಧಾನದಲ್ಲಿ ಹೋಗಲಿ ಎಂದು ಆಮೇಲೆ ಅದಕ್ಕೊಂದು ಕಾರಣ ಕಟ್ಟಿಕೊಂಡೆ. ಆದರೆ ಅವರು ಏನು ಮಾಡುತ್ತಾರೆಂಬುದು, ಅಷ್ಟು ವರ್ಷ ಅದೇ ಮನೆಯಲ್ಲಿದ್ದು ಕಣ್ಣಾರೆ ನೋಡಿದ ನನಗೆ, ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

"ಹಾಗಾದ್ರೆ ನನ್ನ ಎಬ್ಬಿಸಿ ಕೂರಿಸು" ಎಂದರು.

ಬೇಡ ಅತ್ತೆ ಎಂದು ಗೋಗರೆದೆ. ಆ ಮೈಯಲ್ಲಿ ಕೂರಲು ಏನಿತ್ತು? ನಾನು ಕೂರಿಸದಿದ್ದರೆ ತಾವೇ ಏಳಲು ಹೊರಟರು. ಸ್ಟೂಲಿನ ಮೇಲೆ ಕೂರಿಸುವ ಮಾತೇ ಇರಲಿಲ್ಲ. ಮಂಚದ ಅಂಚಿಗೆ ತಂದು, ಕಾಲು ಕೆಳಗಿಳಿಸಿ, ಪಕ್ಕದಲ್ಲಿ ನಾನು ಕೂತು ಹೆಗಲು ಕೊಟ್ಟೆ. ಹಗಲು ಹೊತ್ತು ನೋಡಿಕೊಳ್ಳಲು ಗೊತ್ತುಮಾಡಿದ್ದ ನರ್ಸ್ ಬಂದವಳು ಇದೇನು ಅವತಾರ ಎಂದು ಗದರಿ, ನೋವಿನ ಇಂಜೆಕ್ಷನ್ ತೆಗೆದಳು. ಅದನ್ನು ಕೊಟ್ಟರೆ ನಿದ್ದೆ ಬರುತ್ತದೆ. ಅತ್ತೆ ಕೈ ಹಿಂದಕ್ಕೆಳೆದುಕೊಂಡು, ಮಗ ಇಳಿಯಲಿ, ಆಮೇಲೆ ಎಂದರು. ನರ್ಸ್ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ನೋವು ಹೇಗಿತ್ತೆಂದು ಬರೆಯುವುದಿಲ್ಲ. ಅವರು ಕೂಗುವವರಲ್ಲ, ನಿಮಗೆ ಗೊತ್ತು. ಹಲ್ಲು ಕಚ್ಚಿ, ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟ ಮೇಲೆ ಆ ಸುಕ್ಕನ್ನೇ ಅಂಗೈಯಿಂದ ಉಜ್ಜಿ ಸರಿಮಾಡುತ್ತಿದ್ದರು. ಹಿಡಿಯುವುದು, ಉಜ್ಜುವುದು. ಹಗಲೆಲ್ಲ ಅದೇ. ಮಧ್ಯೆ ಮಧ್ಯೆ ಎಲ್ಲಿಗೆ ಬಂದ ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಈಗ ದಡ ಬಿಟ್ಟರು, ಈಗ ನೀರಿನ ಮೇಲೆ, ಈಗ ಊಟ ಕೊಟ್ಟಿರುತ್ತಾರೆ. ಅದೆಲ್ಲ ಸುಳ್ಳೂ ಅಲ್ಲ ನೋಡಿ. ಆ ವಿಮಾನ ನಿಜಕ್ಕೂ ಅಲ್ಲೇ ಇತ್ತು. ನೀವು ಮಾತ್ರ ಅದರಲ್ಲಿರಲಿಲ್ಲ.

ಇದನ್ನು ಓದಿ ನೀವು ನನ್ನ ಮೇಲೆ ಸಿಟ್ಟಾಗಬಹುದು. ನಿಜ ಹೇಳಿಬಿಟ್ಟಿದ್ದರೆ ಅವರು ಮಲಗುತ್ತಿದ್ದರು ಎನ್ನುತ್ತೀರಿ. ನನಗೂ ಅದು ತಿಳಿಯದೇ ಇರಲಿಲ್ಲ. ಆದರೆ ಏನೆಂದು ಹೇಳಲಿ? ನಿಮ್ಮ ಮಗ ಹತ್ತಲಿಲ್ಲ ಎಂದೇ? ಮಧ್ಯಾಹ್ನ ನೋವು ಜಾಸ್ತಿಯಾದಾಗ ಬೇರೊಂದು ದಾರಿ ಹುಡುಕಿದೆ. ಏನೋ ತೊಂದರೆಯಾಗಿ ವಿಮಾನ ವಾಪಸ್ ತಿರುಗಿತಂತೆ ಎಂದುಬಿಡೋಣ, ಆಗ ಮಲಗುತ್ತಾರೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಅರ್ಧ ದಾಟಿದ್ನಾ?" ಎಂದರು. ಗಡಿಯಾರ ಎದುರಿಗೇ ಇತ್ತು. ದಾಟಿದರು ಎಂದೆ. "ಹಾಗಾದ್ರೆ ಇನ್ನು ವಾಪಸ್ ಹೋಗಲ್ಲ ಬಿಡು" ಎಂದು ತುಟಿ ಬಿಚ್ಚಿ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. ನನಗೆ ತೆರೆದ ಬಾಯಿ ಮುಚ್ಚಲೂ ಆಗಲಿಲ್ಲ.

ಆಮೇಲೆ ಅವರು ಕಣ್ಣು ಮುಚ್ಚಿದಾಗ ನೋಡಿ, ನರ್ಸಿಗೆ ಹೆಗಲು ಕೊಡಲು ಹೇಳಿ, ಸದ್ದಾಗದಂತೆ ಎದ್ದು ಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಲು ಹೋದೆ. "ಗಡಿಯಾರದ ತಂಟೆಗೆ ಹೋಗ್ಬೇಡ" ಎಂದಿತು ಹಿಂದಿನಿಂದ ದನಿ. ಕಣ್ಣು ಮುಚ್ಚೇ ಇತ್ತು. ಕಳ್ಳಿಯ ಹಾಗೆ ಬಂದು ಮತ್ತೆ ಪಕ್ಕದಲ್ಲಿ ಕೂತೆ. ಟಿಕೆಟ್ ಮಾರುವವಳು ನಾನು, ಎಷ್ಟೋ ಜನರಿಗೆ ಎಷ್ಟೋ ಸಲ ಬರೀ ಹನ್ನೆರಡೂವರೆ ಗಂಟೆ, ಒಂದು ನಿದ್ದೆ ತೆಗೆದರೆ ಆಯಿತು ಎಂದು ಹೇಳಿದ್ದೇನೆ. ಅದು ಎಷ್ಟು ಉದ್ದ ಎಂದು ನನಗೆ ಗೊತ್ತಾದದ್ದು ಅವತ್ತು.

ಸಂಜೆ ಹೊತ್ತಿಗೆ ಅವರ ಮೈ ಪೂರ್ತಿ ನನ್ನ ಮೇಲೆ ಬಿದ್ದಿತ್ತು, ಆದರೂ ಬೆನ್ನನ್ನು ದಿಂಬಿಗೆ ತಾಗಿಸಗೊಡಲಿಲ್ಲ. ಈಗಲೇ ಹೋಗಿಬಿಡಲಿ ದೇವರೇ, ವಿಮಾನ ಇಳಿಯುವ ಮುಂಚೆ ಹೋಗಿಬಿಡಲಿ ಎಂದು ಬೇಡಿಕೊಂಡೆ. ಅವರ ಕಷ್ಟ ನೋಡಲಾಗದೆ ಬೇಡಿಕೊಂಡೆನೋ, ನನ್ನ ಸುಳ್ಳು ಬಯಲಾಗುವ ಹೆದರಿಕೆಗೆ ಬೇಡಿಕೊಂಡೆನೋ ನನಗೇ ತಿಳಿಯದು. ಎರಡೂ ಇರಬೇಕು.

ಏಳೂವರೆಗೆ ನಾನು, ಇಳಿಯಿತು ಅತ್ತೆ ಎಂದೆ. ಮೆಸೇಜು ಓದುವವಳ ಹಾಗೆ ಫೋನನ್ನು ಕೈಯಲ್ಲಿ ಹಿಡಿದಿದ್ದೆ. ಅವರು ಫೋನಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ಸರಿ, ಇನ್ನು ನಾನು ಮಲಗ್ತೀನಿ" ಎಂದರು. ನಾನೂ ನರ್ಸೂ ಸೇರಿ ಮಲಗಿಸಿದೆವು. ಕೆಳಗಿನ ಬಟ್ಟೆ ಸುಕ್ಕಾಗಿದೆ, ಎಳೆದು ಹಾಸು ಎಂದು ನರ್ಸಿಗೆ ಹೇಳಿದರು. ಎಳೆದು ಹಾಸಿದಳು. ಇಂಜೆಕ್ಷನ್ನಿಗೆ ತಾವೇ ಕೈ ಚಾಚಿದರು. ಕಣ್ಣು ಮುಚ್ಚುವ ಮುಂಚೆ ನನ್ನನ್ನು ಹತ್ತಿರ ಕರೆದು ಎರಡು ಮಾತು ಹೇಳಿದರು. ನೀವು ಕೇಳಿದ ಕೊನೆಯ ಮಾತು ಇದೇ. ಮೊದಲನೆಯದು, "ಅವನು ಬಂದ್ರೆ ನನ್ನ ಎಬ್ಬಿಸ್ಬೇಡ. ಸುಸ್ತಾಗಿರ್ತಾನೆ, ಅವನೂ ಮಲಗ್ಲಿ." ಎರಡನೆಯದು, "ಟಿಕೆಟ್ ದುಡ್ಡು ದಂಡ ಆಯ್ತಲ್ಲೇ ನಿಂದು, ಪಾಪ."

ಬೆಳಿಗ್ಗೆ ನಾನು ಕಾಫಿಗೆ ನೀರಿಡುವ ಹೊತ್ತಿಗೆ ಉಸಿರು ನಿಂತಿತ್ತು. ಏಳಲೇ ಇಲ್ಲ. ನಿಮ್ಮ ಫೋನು ಮಧ್ಯಾಹ್ನ ಸಿಕ್ಕಿತು, ನೀವು ಆಗಲಿಲ್ಲ ಎಂದಿರಿ. ಏನು ಆಗಲಿಲ್ಲ ಎಂದು ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ನಿಲ್ದಾಣದವರೆಗೆ ಬಂದು ತಿರುಗಿ ಹೋದಿರೋ, ಮನೆಯಿಂದಲೇ ಹೊರಡಲಿಲ್ಲವೋ, ನಿಮ್ಮ ಹತ್ತಿರವೇ ಇರಲಿ.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದೇ ನನಗನ್ನಿಸುತ್ತದೆ. ನಾನು ಸುಳ್ಳು ಹೇಳಿದರೆ ದನಿಯಲ್ಲೇ ಹಿಡಿಯುತ್ತಿದ್ದ ಹೆಂಗಸು ಅದು. ಹಾಗಿದ್ದ ಮೇಲೆ ಯಾಕೆ ಕೂತರು? ಆ ನೋವನ್ನೆಲ್ಲ ಯಾಕೆ ತಿಂದರು? ಇದೇ ಯೋಚನೆಯಲ್ಲಿ ಎರಡು ವಾರ ಕಳೆದಿದ್ದೇನೆ. ನನಗೆ ಸಿಕ್ಕ ಉತ್ತರ ಇಷ್ಟೇ. ಒಂದು ವೇಳೆ ನೀವು ಹತ್ತಿದ್ದರೆ? ನನ್ನ ದನಿಯನ್ನು ತಾವೇ ತಪ್ಪಾಗಿ ಹಿಡಿದಿದ್ದರೆ, ಸೊಸೆ ಹೇಳಿದ್ದು ಅಪ್ಪಿತಪ್ಪಿ ನಿಜವೇ ಆಗಿದ್ದರೆ? ಮಗ ಗಾಳಿಯಲ್ಲಿ ಕೂತಿದ್ದಾನೆಂಬ ಒಂದು ಎಳೆ ಆಸೆ ಇದ್ದರೂ ಅವರಿಗೆ ಮಲಗಲಾಗುತ್ತಿರಲಿಲ್ಲ. ನಿಮ್ಮ ಬಗ್ಗೆ ಏನಾದರೂ ಹೇಳಿದರೇ ಎಂದು ಕೇಳಿದಿರಲ್ಲ. ಹೇಳಿದ್ದು ಕಡಿಮೆ.

ಇದನ್ನು ನಿಮ್ಮನ್ನು ಸುಡಬೇಕೆಂದು ಬರೆಯಲಿಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ, ಅದು ಪೂರ್ತಿ ನಿಜವೂ ಅಲ್ಲ. ಸ್ವಲ್ಪ ಸುಡಲಿ ಎಂದೇ ಬರೆದಿದ್ದೇನೆ. ಆದರೆ ನೀವು ಬಂದಾಗಲೆಲ್ಲ ಅವರು ಯಾಕೆ ಮಲಗಿರುತ್ತಿದ್ದರೆಂಬುದು ನಿಮಗೆ ಗೊತ್ತಾಗದೆ ಹೋಗಬಾರದು. ಇಷ್ಟು ವರ್ಷ ನೀವು ಹೊತ್ತುಕೊಂಡು ತಿರುಗಿದ ಬೇಸರಕ್ಕೆ ಬುಡವೇ ಇರಲಿಲ್ಲ. ಅದನ್ನು ಇಳಿಸಿಬಿಡಿ.

ಅವರ ಬಟ್ಟೆಗಳನ್ನು ನರ್ಸಿಗೆ ಕೊಟ್ಟೆ. ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದು ಇಬ್ಬರು ಮೂವರಿಗೆ ಹೇಳಿದೆ, ಬಂದು ನೋಡಿದವರಿಗೆ ಬೆಳಕು ಕಡಿಮೆ ಎಂದು ನಾನೇ ಹೇಳಿ ಕಳಿಸಿದೆ. ಇನ್ನು ವಿಶೇಷವೇನಿಲ್ಲ. ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಅಮ್ಮನ ಸೊಸೆ

ಮರೆತಿದ್ದೆ: ಯಾವಾಗಲಾದರೂ ಬರುವ ಮನಸ್ಸಾದರೆ, ಯಾವ ದಿನ, ಯಾವ ಹೊತ್ತಿನ ವಿಮಾನ ಎಂದು ನನಗೆ ತಿಳಿಸಬೇಡಿ. ಆ ಸ್ಟೂಲಿಗೆ ಬೆನ್ನಿಲ್ಲ, ನನಗೀಗ ಸೊಂಟನೋವು ಶುರುವಾಗಿದೆ. ಆದರೆ ಆ ದಾರಿಗೆ ನಮ್ಮ ಕಂಪನಿ ಬಿಟ್ಟರೆ ಬೇರೆ ನೇರ ವಿಮಾನವಿಲ್ಲ, ನೀವು ಟಿಕೆಟ್ ತೆಗೆದರೆ ಹೆಸರು ನನ್ನ ಪರದೆಯ ಮೇಲೇ ಬರುತ್ತದೆ. ಹಾಗಾಗಿ ನೀವು ಬಂದು ಬಾಗಿಲು ತಟ್ಟಿದಾಗ ತೆಗೆಯುವುದು ತಡವಾದರೆ, ಮಲಗಿರುತ್ತೇನೆ.